ತಿನ್ನದವಳ ಸಾಕ್ಷಿ

ಮೂರು ವರ್ಷವಾಯಿತು, ಚೌರಪ್ಪನಿಗೂ ಹೇಳಿರಲಿಲ್ಲ.
ಅನ್ನಕ್ಕೆ ಮಜ್ಜಿಗೆ ಕಲೆಸಿಕೊಂಡು, ತುಂಡುಗಳನ್ನು
ಮಕ್ಕಳ ತಟ್ಟೆಗೆ ದಾಟಿಸಿ
ಹಲ್ಲುನೋವೆಂದು ಎದ್ದುಬಿಡುತ್ತಿದ್ದೆ.
ಸಕಲೇಶಪುರದ ಹಳೆ ಪೇಟೆಯಲ್ಲಿ
ಹಂದಿ ಕಡಿಯುವವನ ಹೆಂಡತಿಗೆ
ಹಲ್ಲುನೋವು ಎಷ್ಟು ದಿನ ಇದ್ದೀತು?

ಕಾರಣ ದೊಡ್ಡದೇನಲ್ಲ.
ಬಾಳ್ಳುಪೇಟೆಯಿಂದ ಗೂಡ್ಸ್ ಆಟೋದಲ್ಲಿ ತಂದ ಹೆಣ್ಣುಹಂದಿ
ಮೋರಿಯ ಪಕ್ಕ ಕಟ್ಟಿದ್ದಲ್ಲೇ
ಹರಿದ ಗೋಣಿಯನ್ನು ಬಾಯಲ್ಲಿ ಎಳೆದೆಳೆದು
ಗೂಡು ಮಾಡುತ್ತಿತ್ತು.
ಗಬ್ಬವೆಂದು ಮಾರಿದವನು ಹೇಳಿರಲಿಲ್ಲ,
ಕೊಂಡವನು ಕೇಳಿರಲಿಲ್ಲ.
ನಾನೂ ಹೆರಿಗೆಗೆ ಮುಂಚೆ
ಹಳೆ ಸೀರೆ ಹರಿದು ಮಡಿಸಿಟ್ಟವಳೇ.
ಬೆಳಿಗ್ಗೆ ಅದೇ ಗೋಣಿಯ ಮೇಲೆ ತಕ್ಕಡಿ.

ಪಾಪನಿವೇದನೆಯಲ್ಲಿ ಕೇಳಿದೆ:
ಫಾದರ್, ಏದೆನ್ ತೋಟದಲ್ಲಿ ಅಡುಗೆಮನೆ ಇತ್ತೇ?
ಜಾಲರಿಯಾಚೆ ನಕ್ಕರು.
ತೋಟದಲ್ಲಿ ಹಣ್ಣು, ಕಾಳು, ಸೊಪ್ಪು ಅಷ್ಟೇ ಕಣಮ್ಮ,
ಮಾಂಸ ಬಂದದ್ದು ಪ್ರಳಯ ಇಳಿದು
ನೆಲವೆಲ್ಲ ಕೆಸರಾಗಿದ್ದಾಗ;
ಅದು ಅಪ್ಪಣೆಯೋ ಸಡಿಲಿಕೆಯೋ
ನನಗೂ ಸರಿಯಾಗಿ ಗೊತ್ತಿಲ್ಲ ಎಂದರು.
ಬಿಟ್ಟರೆ ಬಿಡು,
ಅದನ್ನೇ ಶಿಲುಬೆ ಮಾಡಿಕೊಂಡು ಬೀದಿಯಲ್ಲಿ ಹೊರಬೇಡ.

ಹೊರಲಿಲ್ಲ.
ಆದರೆ ಪೂಜೆಯಲ್ಲಿ ಮೂರು ಸಲ ಕುರಿಮರಿ ಎಂದು ಕೂಗಿ
ಆಮೇಲೆ ನಾಲಿಗೆ ಚಾಚುವಾಗ
ಆ ಮರಿಗೂ ಒಬ್ಬ ತಾಯಿ ಇದ್ದಳಲ್ಲ ಎಂದು
ಐವತ್ತು ವರ್ಷಕ್ಕೆ ಮೊದಲ ಸಲ ಹೊಳೆಯಿತು.
ಪೀಠದ ಎಡಕ್ಕೆ, ನೀಲಿ ಸೆರಗಿನಲ್ಲಿ
ಅವಳು ನಿಂತೇ ಇದ್ದಳು.

ಆಮೇಲೆ ಬಂತು ಪುರಸಭೆಯ ನೋಟಿಸು.
ಶಾಲೆಗೆ ಇಷ್ಟು ಮೀಟರು, ಗುಡಿಗೆ ಇಷ್ಟು ಮೀಟರು.
ಟೇಪು ಹಿಡಿದವನು ಬಗ್ಗಿ ಬಗ್ಗಿ ಅಳೆದ,
ನಮ್ಮ ಅಂಗಡಿ ಬಂದಾಗ ಮಾತ್ರ ಟೇಪು ಸಡಿಲ.
ಅರ್ಜಿಯ ಮೊದಲ ರುಜು ನಿರ್ವಾಣಯ್ಯನದು,
ಕಳೆದ ಚುನಾವಣೆಯ ಹಿಂದಿನ ರಾತ್ರಿ
ಕಾರ್ಡಿಗೊಂದು ಕೆಜಿ ಕೋಳಿಯೆಂದು ಚೀಟಿ ಹಂಚಿದವನು.
ಚೀಟಿಯಲ್ಲಿ ಅವನ ಫೋಟೋ ಇತ್ತು, ಕೈಮುಗಿದದ್ದು.
ಕೋಳಿಗೋ ನಮಗೋ ತಿಳಿಯಲಿಲ್ಲ.

ನನ್ನ ಹಲ್ಲು ಗಟ್ಟಿಯಿದೆಯೆಂದು
ಹಲ್ಲಿನ ಡಾಕ್ಟರ ಮನೆಯಿಂದ ಸುದ್ದಿ ಹೊರಟಿತ್ತು.
ಸಭೆಯಲ್ಲಿ ಅವನು ಎದ್ದು ನಿಂತ:
ಅಂಗಡಿಯವನ ಹೆಂಡತಿಯೇ ತಿನ್ನಲ್ವಂತೆ ಸ್ವಾಮಿ,
ಆ ತಾಯಿಗಿರೋ ಸಂಸ್ಕಾರ ನೋಡಿ!
ಚಪ್ಪಾಳೆ.
ಚೌರಪ್ಪ ನನ್ನತ್ತ ತಿರುಗಿದ. ಬೈಯಲಿಲ್ಲ.
ಎರಡೂ ಕೈಗಳನ್ನು
ಪಂಚೆಯ ಮಡಿಕೆಯೊಳಗೆ ಮರೆಸಿಕೊಂಡ.

ಆ ಹಂದಿಗೆಂದು ನಾನು ಒಳಗೆ ಕಟ್ಟಿದ ಗೂಡಿನಲ್ಲಿ
ಇವರೆಲ್ಲ ಬಂದು ಕೂತಿದ್ದರು.
ಅಯ್ಯಾ, ನಾನು ಬಿಟ್ಟದ್ದು ಒಂದು ಬಸುರಿಗಾಗಿ,
ನಿಮಗಾಗಿ ಅಲ್ಲ,
ಎನ್ನಬೇಕಿತ್ತು. ಗಂಟಲು ಕಟ್ಟಿತು.

ರಾತ್ರಿಯೆಲ್ಲ ಸಂತ ಪೌಲನ ಜೊತೆ ಜಗಳ.
ನನ್ನ ಊಟದಿಂದ ತಮ್ಮನೊಬ್ಬ ಎಡವುವುದಾದರೆ
ಇನ್ನು ಮಾಂಸವನ್ನೇ ಮುಟ್ಟೆನೆಂದು
ಅವನು ಕೊರಿಂಥದವರಿಗೆ ಬರೆದಿದ್ದನಂತೆ.
ಸರಿ. ನನ್ನ ಉಪವಾಸಕ್ಕೇ ಎಡವಿ ಬಿದ್ದವನು
ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದಾನೆ,
ಅವನಿಗೆ ಏನೆಂದು ಬರೆಯುತ್ತಿದ್ದೆ, ಹೇಳು?
ಹೇಮಾವತಿಯ ಸೇತುವೆ ಮೇಲೆ ಗೂಡ್ಸ್ ಗಾಡಿ ಹೋಯಿತು,
ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಉದ್ದ.

ಬೆಳಿಗ್ಗೆ ಅಂಗಡಿ ಮುಂದೆ ಸ್ಟೂಲು ಹಾಕಿ ಕೂತೆ,
ನಿರ್ವಾಣಯ್ಯ ವಾಕಿಂಗ್ ಮುಗಿಸಿ ಬರುವ ಹೊತ್ತಿಗೆ.
ತಟ್ಟೆಯಲ್ಲಿ ಅಕ್ಕಿ ರೊಟ್ಟಿ, ನಾಲ್ಕು ತುಂಡು.
ಅವನು ನಿಂತ. ಚಪ್ಪಾಳೆ ತಟ್ಟಿದ್ದ ಇಬ್ಬರೂ ನಿಂತರು.
ನಾನು ಅವರ ಮುಖ ನೋಡುತ್ತಲೇ ಅಗಿದೆ.

ವಾಂತಿ ಬರುತ್ತದೆಂದುಕೊಂಡಿದ್ದೆ,
ಕಣ್ಣೀರಾದರೂ ಬಂದೀತೆಂದುಕೊಂಡಿದ್ದೆ.
ಹುರಿದ ಮೆಣಸು, ಹುಳಿ, ಕರಗುವ ಕೊಬ್ಬು...
ರುಚಿಯಾಗಿತ್ತು.

ಈ ಭಾನುವಾರ ಯಾವುದನ್ನು ಹೇಳಲಿ ಫಾದರ್,
ತಿಂದದ್ದನ್ನೋ, ರುಚಿಸಿದ್ದನ್ನೋ?
ನೋಟಿಸಿಗೆ ಇನ್ನೂ ಹನ್ನೊಂದು ದಿನವಿದೆ.

ಚೌರಪ್ಪ ನೀರಿನ ಲೋಟ ತಂದು ಪಕ್ಕದಲ್ಲಿಟ್ಟ.
ಬಾಕುವನ್ನು ಕಲ್ಲಿಗೆ ಉಜ್ಜುತ್ತಾ, ತಲೆ ಎತ್ತದೆ,
ಹಲ್ಲುನೋವು ವಾಸಿಯಾಯ್ತಾ, ಅಂದ.