ಎಡಗಡೆಯ ಹಿಂಬಾಗಿಲು

ಕಾರು ತೊಳೆದು ತಂದಿದ್ದ.
ಅನುಮಾನ ಶುರುವಾದದ್ದೇ ಅಲ್ಲಿಂದ.

ನಮ್ಮ ಭೂಷಣ ಹುಟ್ಟಿದಾರಭ್ಯ
ತಾನು ಉಂಡ ತಟ್ಟೆ ತೊಳೆದವನಲ್ಲ.
ಭಾನುವಾರ ಸಂಜೆ ನೋಡಿದರೆ ಗಾಜು ಫಳಫಳ,
ಕಾಲೊರೆಸು ಕೊಡವಿದೆ, ಟ್ಯಾಂಕು ಅರ್ಧಕ್ಕೂ ಮೇಲಿದೆ,
ಪಕ್ಕದ ಸೀಟಿನಲ್ಲಿ ಸ್ಟೀಲ್ ಡಬ್ಬಿ ತುಂಬ ಕೋಡುಬಳೆ.
"ತಗೋ ಅಕ್ಕ, ಕೀ" ಎಂದ. ಕಾಫಿಗೂ ಕೂರಲಿಲ್ಲ.
ಅವನ ಹೆಂಡತಿ ಕುಮುದ ಗೇಟಿನಾಚೆಯೇ ನಿಂತು
ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದಳು.

ಬನಶಂಕರಿಯ ನಮ್ಮ ಅಡ್ಡರಸ್ತೆಯಲ್ಲಿ
ಒಂದು ದೀಪ ಉರಿದರೆ ಇನ್ನೊಂದು ಉರಿಯುವುದಿಲ್ಲ.
ಮೊಬೈಲಿನ ಟಾರ್ಚು ಹಿಡಿದು ಸುತ್ತು ಹಾಕಿದೆ,
ಕಳ್ಳಿಯ ಹಾಗೆ, ನನ್ನದೇ ಕಾರಿಗೆ.
ಎಡಗಡೆಯ ಹಿಂಬಾಗಿಲಲ್ಲಿ ಸಿಕ್ಕಿತು:
ಗೇಣುದ್ದ ಗೀರು, ಅದರ ಕೊನೆಗೊಂದು ತಗ್ಗು,
ನಿಪ್ಪಟ್ಟಿನ ಹಿಟ್ಟಿಗೆ ಹೆಬ್ಬೆರಳು ಒತ್ತಿದಷ್ಟು.
ಗೀರಿನೊಳಗೆ ಹಳದಿ.

ಹೊಸ ಕಾರೇನಲ್ಲ.
ಐದು ವರ್ಷ ಚೀಟಿ ಕಟ್ಟಿ ಕೊಂಡದ್ದು,
ಯಾರೋ ಓಡಿಸಿ ಬಿಟ್ಟ ಬೂದು ಆಲ್ಟೊ.
ಆರ್‌ಸಿ ಕಾರ್ಡು ಬಂದ ದಿನ ಅದರ ಮೇಲಿನ ನನ್ನ ಹೆಸರನ್ನು
ಮೂರು ಸಲ ಓದಿದ್ದೆ, ಅಷ್ಟೇ.

ರಾತ್ರಿ ಮಗ್ಗಲು ಬದಲಿಸುತ್ತ ಲೆಕ್ಕ ಹಾಕಿದೆ.
ಕೇಳಿದರೆ ದುಡ್ಡು ಕೊಡುತ್ತಾನೆ. ಕೊಟ್ಟುಬಿಟ್ಟರೆ
ಜನ್ಮದಲ್ಲಿ ಇನ್ನೊಮ್ಮೆ ಕಾರು ಕೇಳುವುದಿಲ್ಲ.
ಕೇಳದಿದ್ದರೆ ಒಳಗೊಳಗೇ ಹುಳಿಯುತ್ತೇನೆ ನಾನು,
ಫ್ರಿಜ್ಜಿನಲ್ಲಿಡಲು ಮರೆತ ದೋಸೆಹಿಟ್ಟು.
ಹನ್ನೊಂದೂಕಾಲಿಗೆ ಫೋನು ಮಾಡಿಯೇಬಿಟ್ಟೆ.

"ನಾಯಂಡಹಳ್ಳಿ ಹತ್ರ, ಅಕ್ಕ,
ಆಟೋದವನು ಒರೆಸ್ಕೊಂಡು ಹೋದ.
ನಾನೇ ಓಡಿಸ್ತಿದ್ದೆ. ನಾನೇ."

ಓಡಿಸುತ್ತಿದ್ದುದು ಯಾರೆಂದು ನಾನು ಕೇಳಿರಲಿಲ್ಲ.

ಸೋಮವಾರ ಆಫೀಸಿಗೆಂದು ಬಾಗಿಲು ತೆಗೆದು ಕೂತೆ.
ಮೊಣಕಾಲು ಸ್ಟೀರಿಂಗಿಗೆ ಬಡಿಯಿತು.
ನಮ್ಮ ಮನೆಯ ಹೆಂಗಸರಲ್ಲಿ ಎತ್ತರದವಳು ನಾನು,
ಭೂಷಣ ನನಗಿಂತ ಗೇಣು ಎತ್ತರ.
ಸೀಟು ಮಾತ್ರ ಪೂರ್ತಿ ಮುಂದಕ್ಕೆ ಬಂದು
ಕೊನೆಯ ಹಲ್ಲು ಕಚ್ಚಿ ನಿಂತಿತ್ತು.
ಕನ್ನಡಿಯಲ್ಲಿ ರಸ್ತೆಯಿಲ್ಲ, ಹಿಂದಿನ ಸೀಟು ಕಾಣುತ್ತಿತ್ತು.

ಕುಮುದ. ಕತ್ರಿಗುಪ್ಪೆಯಲ್ಲಿ ರವಿಕೆ ಹೊಲಿಯುವವಳು.
ರಿಂಗ್ ರೋಡು ದಾಟುವಾಗ ಈಗಲೂ
ಯಾರದಾದರೂ ಮೊಣಕೈ ಹಿಡಿಯುವವಳು.
ಅಂದರೆ, ಗೀರು ಬಿದ್ದ ಮೇಲೂ
ಅವಳೇ ಓಡಿಸಿಕೊಂಡು ಬಂದಿದ್ದಾಳೆ,
ನಾಯಂಡಹಳ್ಳಿಯಿಂದ ನನ್ನ ಗೇಟಿನವರೆಗೆ,
ಆ ಟ್ರಾಫಿಕ್ಕಿನಲ್ಲಿ.
ಅವನು ಪಕ್ಕದಲ್ಲಿ ಕೂತು, ತೊಡೆಯ ಮೇಲೆ
ಕೋಡುಬಳೆಯ ಡಬ್ಬಿ ಇಟ್ಟುಕೊಂಡು, "ಹೋಗು, ಹೋಗು,
ಏನೂ ಆಗಲ್ಲ" ಎಂದಿರಬೇಕು.
ಗಾಡಿ ನಿಲ್ಲಿಸಿದ್ದು ನೋಡಿದೆ:
ಚರಂಡಿಯ ಕಲ್ಲಿಗೆ ನೆಟ್ಟಗೆ, ಹೊಲಿಗೆ ಹಾಕಿದ ಹಾಗೆ.

ಕಲಾಸಿಪಾಳ್ಯದ ಟಿಂಕರಿಂಗ್ ಅಫ್ಸರ್
ಉಗುರಿನಲ್ಲಿ ಹಳದಿ ಕೆರೆದು ಮೂಸಿದಷ್ಟು ಹತ್ತಿರ ಹಿಡಿದ.
"ಆಟೋ ಅಲ್ಲ ಮೇಡಂ, ಇದು ಕಂಬ.
ನಿಂತಿದ್ದಕ್ಕೆ ನೀವೇ ಹೋಗಿ ಒರೆಸಿದ್ದೀರಿ."
"ಹೌದು," ಎಂದೆ, "ನಾನೇ."
ಎರಡು ದಿನ, ಮೂರೂವರೆ ಸಾವಿರ ಎಂದ.
ತಗ್ಗು ಮಾತ್ರ ಎತ್ತಿಸಿದೆ, ಎಂಟುನೂರಕ್ಕೆ.
ಗೀರು ಇರಲಿ ಎಂದಾಗ ಅವನು ನನ್ನ ಮುಖ ನೋಡಿದ.

ಸಿಟ್ಟು ಪೂರ್ತಿ ಇಳಿದಿದೆ ಎಂದರೆ ಸುಳ್ಳಾದೀತು.
ಸಿಗ್ನಲ್ಲಿನಲ್ಲಿ ನಿಂತಾಗೆಲ್ಲ ಆ ಬದಿ ಉರಿಯುತ್ತದೆ,
ಚರ್ಮ ತರಚಿದ್ದು ನನ್ನದೇ ಎಂಬಂತೆ.

ಮೂರು ವಾರ ಬಿಟ್ಟು ಫೋನು ಬಂತು.
"ಅಕ್ಕ, ಈ ಭಾನುವಾರ ನಿಂಗೆ ಕಾರು..."
ಪಾಪ, ವಾಕ್ಯ ಅಲ್ಲೇ ಕೈಬಿಟ್ಟ.

ಬೆಳಿಗ್ಗೆ ಅವರು ಬರುವ ಮುಂಚೆ ಕೆಳಗಿಳಿದೆ.
ಡಬ್ಬಿ ಬರಿದು ಕೊಡಬಾರದೆಂದು
ತಳಕ್ಕೆ ಒಂದು ಹಿಡಿ ಸಕ್ಕರೆ ಹಾಕಿ ಒಳಗಿಟ್ಟೆ.
ಸೀಟಿನಡಿಯ ಸರಳು ಎತ್ತಿ
ಎಳೆದೆ, ಮುಂದಕ್ಕೆ, ಕೊನೆಯ ಹಲ್ಲಿನವರೆಗೆ.
ಕನ್ನಡಿಯನ್ನು ಅಂದಾಜಿನ ಮೇಲೆ ತಗ್ಗಿಸಿದೆ.

ಪೆಟ್ರೋಲು ರಿಸರ್ವಿನಲ್ಲಿತ್ತು.
ಅದನ್ನು ಮಾತ್ರ ಅವರೇ ಹಾಕಿಸಿಕೊಳ್ಳಲಿ.