ಎದುರು ಕಿಟಕಿಯ ಹಗಲು

ದೂರು ಕೊಟ್ಟವಳು ನಾನೇ.

ಔಲು ಪಟ್ಟಣದ ಡಿಸೆಂಬರ್. ಸೂರ್ಯ ಬಂದ ಅಂದರೆ ಬಂದ,
ಬೂಟು ಬಿಚ್ಚದ ನೆಂಟನ ಹಾಗೆ
ಬಾಗಿಲಲ್ಲೇ ನಿಂತು ಎರಡು ಮಾತಾಡಿ ಹೊರಟ.
ಮೂರಕ್ಕೆಲ್ಲ ಕತ್ತಲು.
ಆದರೆ ಅಂಗಳದ ಆಚೆ, ಮೂರನೆಯ ಮಹಡಿಯಲ್ಲಿ,
ರಾತ್ರಿ ಹತ್ತು ಹೊಡೆದರೆ ಟಕ್ಕೆಂದು ಬೆಳಗಾಗುತ್ತಿತ್ತು:
ನೇರಳೆಯೂ ಅಲ್ಲದ ಗುಲಾಬಿಯೂ ಅಲ್ಲದ ಬೆಳಕು
ಪರದೆಯ ಸಂದಿಯಲ್ಲಿ ನುಸುಳಿ
ನನ್ನ ದಿಂಬಿನ ಮೇಲೆ ಮಲಗುತ್ತಿತ್ತು.
ನಾನು ಎದ್ದಿರುತ್ತಿದ್ದೆ.

ನಿದ್ದೆ ಬಾರದವಳಿಗೆ ಗುಮಾನಿಗೆ ಬರವೇ?
ಗಾಂಜಾ, ಎಂದೆ ಫೋನಿನಲ್ಲಿ.
ಹೆಸರು ಹೇಳಲಿಲ್ಲ.

ಬಂದದ್ದು ಒಬ್ಬಳೇ ಪೊಲೀಸ್ ಹುಡುಗಿ.
ಅವಳ ನೆರಳು ಆ ಬೆಳಕಿನೊಳಗೆ ಬಗ್ಗಿತು,
ಬಗ್ಗಿಯೇ ಇತ್ತು ಬಹಳ ಹೊತ್ತು.
ಆಮೇಲೆ ನಕ್ಕಳೇನೋ, ಭುಜ ಕುಣಿದವು.

ಮರುದಿನ ಕಸದ ತೊಟ್ಟಿಯ ಬಳಿ ತೌನೋ ಕೆಟೋಲಾ ಸಿಕ್ಕ,
ರಾತ್ರಿಯೆಲ್ಲ ಊರಿನ ಹಿಮ ಗೋರುವ ಗಾಡಿಯವನು.
“ಯಾರೋ ಪುಣ್ಯಾತ್ಮರು, ನನ್ನ ಗಿಡಗಳ ಹೆಸರು
ಪೊಲೀಸರ ಪುಸ್ತಕಕ್ಕೆ ಹತ್ತಿಸಿದರು. ಬಂದು ನೋಡಿ.”
ಗೊತ್ತಿತ್ತೋ ಏನೋ.
ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಬಟ್ಟೆಯ ಕಪಾಟು. ಬಾಗಿಲು ಕಿತ್ತಿದ್ದಾನೆ.
ಕೋಟುಗಳೆಲ್ಲ ಮಂಚದ ಮೇಲೆ ರಾಶಿ.
ಒಳಗೆ ಬೋರ್ನಿಯೋದ ಯಾವುದೋ ಬೆಟ್ಟದ ಮಂಜು,
ಅಂಗೈಯಗಲದ ಯಂತ್ರವೊಂದು ಅದನ್ನು ಉಸಿರಾಡುತ್ತಿದೆ.
ಎಲೆ ಎಲೆಯಾಗಿಯೇ ಹೊರಡುತ್ತದೆ;
ನಡುದಾರಿಯಲ್ಲಿ ಮನಸ್ಸು ಬದಲಿಸಿ ಬಳ್ಳಿಯಾಗುತ್ತದೆ,
ಬಳ್ಳಿ ಬಳುಕಿ, ಬಾಗಿ, ತುದಿಗೊಂದು ಹೂಜಿ ಹೊರುತ್ತದೆ:
ಹೊಟ್ಟೆಗೆ ಕೆಂಪು ಚುಕ್ಕೆ, ತುಟಿಗೆ ಗೆರೆ ಗೆರೆ ಅಂಚು,
ಮೇಲೊಂದು ಮುಚ್ಚಳ.
“ನೊಣ ಬಿದ್ದೊಡನೆ ಮುಚ್ಚಿಕೊಳ್ಳುತ್ತದಲ್ಲವೇ?”
“ಇಲ್ಲ. ಅದು ಮಳೆಗೆ ಹಿಡಿದ ಕೊಡೆ, ಅಷ್ಟೇ.
ಬಾಯಿ ಯಾವಾಗಲೂ ತೆರೆದೇ ಇರುತ್ತದೆ.
ಬೀಳುವವರು ತಾವಾಗಿ ಬೀಳುತ್ತಾರೆ.”
ನನ್ನ ಕಿವಿ ಬಿಸಿಯಾಯಿತು.

ಇರುಳಲ್ಲಿ ಕರೆಂಟು ಅಗ್ಗವಂತೆ,
ಅದಕ್ಕೇ ನಮ್ಮ ರಾತ್ರಿ ಇವುಗಳ ಹಗಲು.
ನಲ್ಲಿಯ ನೀರು ಒಗ್ಗದಂತೆ. ಅದಕ್ಕೇ
ರಾತ್ರಿಯಿಡೀ ಊರಾಚೆ ತಳ್ಳಿದ ಹಿಮವನ್ನು
ಬೆಳಿಗ್ಗೆ ಬಕೆಟ್ಟಿನಲ್ಲಿ ಮನೆಯೊಳಗೆ ಹೊತ್ತು ತರುತ್ತಾನೆ,
ಒಲೆಯ ಪಕ್ಕ ಕರಗಲು ಬಿಡುತ್ತಾನೆ.
ಈ ಚಳಿಯಲ್ಲಿ ನೊಣವೆಲ್ಲಿ? ಮೀನಿಗೆ ಹಾಕುವ ಕಾಳು,
ಹೂಜಿಗೊಂದು, ಎರಡು ವಾರಕ್ಕೊಮ್ಮೆ.

ಫೆಬ್ರವರಿಯಲ್ಲಿ ಅವನ ಮೊಣಕಾಲಿಗೆ ಕತ್ತರಿ ಬಿತ್ತು.
ಬೀಗದ ಕೈ ನನಗೇ ಕೊಟ್ಟ, ಜೊತೆಗೊಂದು ಚೀಟಿ.
ಕೊನೆಯ ಸಾಲು: ಐಲಾ, ಮುದ್ದು ಮಾಡಬೇಡಿ.

ಆರನೆಯ ರಾತ್ರಿ ಬಿರುಗಾಳಿ. ಕರೆಂಟು ಹೋಯಿತು.
ಮನೆ ಚಪ್ಪಲಿಯಲ್ಲೇ ಅಂಗಳ ದಾಟಿದೆ, ಟಾರ್ಚು ಹಿಡಿದು.
ಮಾಡುವುದೇನೂ ಇರಲಿಲ್ಲ.
ಕಪಾಟಿನ ಬಾಯಿಗೆ ಅವನ ಕೋಟು ತೂಗಿಹಾಕಿ
ಕುಳಿತೆ. ಒಂದು ಗಂಟೆ. ಮೂರು ಗಂಟೆ.
ಒಳಗೆಲ್ಲೋ ಒಂದು ಹನಿ ತೊಟ್ಟಿಕ್ಕಿತು,
ತುಂಬ ಹೊತ್ತಿನ ಮೇಲೆ ಇನ್ನೊಂದು.

ಕರೆಂಟು ಬಂದಾಗ
ಸ್ವಿಚ್ಚು ಮರೆತು ಮಲಗಿದ್ದವರ ಕಿಟಕಿಗಳು
ಎದುರು ಗೋಡೆಯಲ್ಲಿ ಒಂದೊಂದಾಗಿ ಕಣ್ಣು ಬಿಟ್ಟವು.
ಒಂದು ಮಾತ್ರ ಕಪ್ಪಗೆ ಉಳಿಯಿತು.
ಯಾರೂ ಇಲ್ಲದ ಮನೆ ಎಂದುಕೊಂಡೆ.
ಎಣಿಸಿದೆ. ಎಡದಿಂದ ಎರಡನೆಯದು.
ನನ್ನದು.

ಈಗ ಏಪ್ರಿಲ್. ಆ ಪೊಲೀಸ್ ಹುಡುಗಿ
ಬೆಂಕಿಪೊಟ್ಟಣದಲ್ಲಿ ವರ್ಷದ ಮೊದಲ ನೊಣ ತಂದಿದ್ದಳಂತೆ.
ತೌನೋ ಕುಂಟುತ್ತ ಬಂದು ನನಗೊಂದು ಕಡ್ಡಿ ಕೊಟ್ಟ,
ಒದ್ದೆ ಪಾಚಿಯಲ್ಲಿ ಸುತ್ತಿ. ಮೂರೇ ಎಲೆ.
ಒಂದರ ತುದಿಯಲ್ಲಿ ಸಾಸಿವೆಯಷ್ಟು ಊತ,
ಹೂಜಿಯಾಗಬಹುದು, ಒಣಗಿ ಉದುರಲೂಬಹುದು.

ಹತ್ತು ಗಂಟೆ. ಹೊರಗೆ ಇನ್ನೂ ಅರೆಬೆಳಕು.
ನನ್ನ ದೀಪ ಟಕ್ಕೆಂದಿತು.
ಯಾರ ದಿಂಬಿನ ಮೇಲೆ ಬೀಳುತ್ತಿದೆಯೋ ಕಾಣೆ.
ದೂರು ಕೊಡುವವರು ಕೊಡಲಿ,
ಕಾಫಿಗೆ ಇಟ್ಟಿದ್ದೇನೆ.