ನಲವತ್ತೆರಡನೆಯವರು

ವಿಲ್ಸನ್ ಗಾರ್ಡನ್, ಎರಡನೇ ಮಹಡಿ.
ಕಿಟಕಿಗೆ ಕರಿ ರಟ್ಟು ಅಂಟಿಸಿ ಮಾಡಿಕೊಂಡ ಕತ್ತಲು.
ಗಲ್ಲ ಊರಲು ಒಂದು ಕಟ್ಟೆ. ಕಣ್ಣಿಗೂ ಪರದೆಗೂ
ಐವತ್ತೇಳು ಸೆಂಟಿಮೀಟರು, ನಾನೇ ಟೇಪು ಹಿಡಿದು ಅಳೆದದ್ದು.

"ಪೆಟ್ಟಿಗೆಗಳು ಕಾಣುತ್ತವೆ. ಒಂದು ಬೇರೆ ಕಡೆ ತಿರುಗಿದ್ದರೆ
ಬಲಗುಂಡಿ. ಇಲ್ಲದಿದ್ದರೆ ಎಡ. ಬೇಗ, ಆದರೆ ತಪ್ಪಬೇಡಿ."
ನಲವತ್ತೊಂದು ಸಲ ಹೇಳಿದ್ದೇನೆ ಇದನ್ನು.
ನಿದ್ದೆಯಲ್ಲೂ ಹೇಳುತ್ತೇನಂತೆ, ತಂಗಿಯ ದೂರು.

ಹಿಂದೆಂದೋ ಯಾವುದೋ ಚಳಿಯೂರಿನಲ್ಲಿ
ಯಾರೋ ಇದನ್ನೇ ಮಾಡಿ ಬರೆದಿಟ್ಟರು:
ಹುಡುಕಬೇಕಿಲ್ಲ, ತಿರುಗಿದ್ದು ತಾನೇ ಎದ್ದು ಬರುತ್ತದೆ
ಅನ್ನದ ಕಲ್ಲು ಹಲ್ಲಿಗೆ ಗೊತ್ತಾದ ಹಾಗೆ.

ನಿಜಕ್ಕೆ ಅವು ಪೆಟ್ಟಿಗೆಯೂ ಅಲ್ಲ.
ಬಿಳಿ, ಬೂದಿ, ಕಪ್ಪು, ಮೂರು ಚಪ್ಪಟೆ ತುಂಡು.
ಆಳವನ್ನು ನೋಡುವವರೇ ಕೈಯಿಂದ ಹಾಕಬೇಕು.

ನಮಗೆ ಏಳಲಿಲ್ಲ.
ಪೆಟ್ಟಿಗೆ ಒಂದು ಹೆಚ್ಚಿದರೆ ಹತ್ತೊಂಬತ್ತು ಮಿಲಿಸೆಕೆಂಡು ಹೆಚ್ಚು.
ಅವರಿಗೆ ಆರು.
ಪರದೆಯ ದೋಷವೋ, ಕೆಳಗೆ ಬೋರ್‌ವೆಲ್ ಕೊರೆಯುವ ಸದ್ದೋ,
ರಾತ್ರಿಯೆಲ್ಲ ಫೋನು ನೋಡಿ ಬಂದ ಹುಡುಗರ ಕಣ್ಣೋ.
ಇಂದುಧರ್ ಸರ್ ಕನ್ನಡಕ ಒರೆಸಿ ಹೇಳಿದರು:
"ಸುಳ್ಳು ಅಂತ ಬರೀಬೇಡ. ನಮಗೆ ಸಿಗಲಿಲ್ಲ ಅಂತ ಬರಿ."

ಗುರುವಾರ ಹೊಸ ಪರದೆ ಹೊತ್ತು ಮಹಡಿ ಹತ್ತಿದ ದಸ್ತಗೀರ್,
ಕಲಾಸಿಪಾಳ್ಯದ ಲಾರಿ ಗೋದಾಮಿನಲ್ಲಿ ಇಪ್ಪತ್ತಾರು ವರ್ಷ,
ಬೆವರೊರೆಸಿಕೊಂಡು ಕೇಳಿದರು, "ನಾನೂ ಒಂದು ಕೈ ನೋಡ್ಲಾ?"
ಗಲ್ಲ ಊರಿದರು. ಬೀಡಿಯ ವಾಸನೆ. ಬಲ, ಎಡ, ಬಲ, ಬಲ.
ಆರಿದ್ದರೂ ಅಷ್ಟೇ ಹೊತ್ತು, ಹನ್ನೆರಡಿದ್ದರೂ ಅಷ್ಟೇ.
ಹೇಗೆ, ಎಂದೆ.
"ತಲೆಕೆಳಗಾದ ಡಬ್ಬದೊಳಗೆ ಒಡೆದದ್ದೆಲ್ಲ
ನನ್ನ ಕೂಲೀಲಿ ಮುರೀತಾರಮ್ಮ. ಅದನ್ನ ಹುಡುಕೋದುಂಟಾ?
ಮೈಮೇಲೇ ಬರುತ್ತೆ."

ನಿಯಮದಂತೆ ವಯಸ್ಸು ಹದಿನೆಂಟರಿಂದ ಮೂವತ್ತೈದು.
ಅವರಿಗೆ ಐವತ್ತೆರಡು. ಒಪ್ಪಿಗೆಪತ್ರಕ್ಕೆ ಸಹಿಯೂ ಇಲ್ಲ.
ಅಳಿಸಿದೆ.
ಅಳಿಸುವ ಮೊದಲು ಗೆರೆ ಎಳೆದು ನೋಡಿದೆ:
ಮಟ್ಟಸ, ಗಾರೆ ನೆಲದ ಹಾಗೆ.

ಸಂಜೆ ನಿಲ್ದಾಣದಲ್ಲಿ ನಿಂತಿದ್ದೆ. ಎದುರು ಕಟ್ಟುತ್ತಿದ್ದ ಮನೆಗೆ
ಯಾರೋ ನೆಲದಲ್ಲಿಟ್ಟ ದೀಪ ಹಚ್ಚಿದರು.
ಬೆಳಕು ಕೆಳಗಿಂದ ಬಿದ್ದದ್ದೇ ತಡ
ಬಾಲ್ಕನಿಗಳೆಲ್ಲ ಒಳಕ್ಕೆ ಮಡಚಿಕೊಂಡವು,
ಒಂದರ ಹೊರತು. ಯಾವುದು? ಎಣಿಸಿದೆ,
ಎಡದಿಂದ, ಮತ್ತೆ ಮೇಲಿಂದ.
ಬನಶಂಕರಿಯ ಬಸ್ಸು ಕಣ್ಣೆದುರೇ ಬಂದು
ನಿಂತು ಹೋಯಿತಂತೆ, ಪಕ್ಕದ ಹೂವಿನವಳು ಹೇಳಿದಳು.

ನಾಳೆ ಹತ್ತಕ್ಕೆ ನಲವತ್ತೆರಡನೆಯವರು.
ರಟ್ಟಿನ ಮೂಲೆ ಬಿಟ್ಟಿದೆ, ಟೇಪು ಹಾಕಬೇಕು.